ನಿಶಾಸಂಸ್ಕೃತಿ

ಉನ್ನತ ವ್ಯಾಸಂಗಾರ್ಥವಾಗಿ ಬರ್ಲಿನ್ನಿನಲ್ಲಿ ನೆಲೆಸಿದ ಅಳಿಯನ ಯೋಗಕ್ಷೇಮವನ್ನು ವಿಚಾರಿಸಲೆಂದು ಕುಂದಾಪುರದಿಂದ ಆಗಮಿಸಿದ್ದ ಸೋದರಮಾವನವರು, ಭಾನುವಾರ ಪ್ರಾತಃಕಾಲ ಸ್ನಾನಾಹ್ನಿಕಗಳನ್ನು ಪೂರೈಸಿ ಕಾಫಿಗೆ ಕುಳಿತಿರಲು, ಆಪಾದಮಸ್ತಕ ಕಪ್ಪುಡುಗೆ ತೊಟ್ಟ ಆ ತರುಣನು ಹೊರಡಲು ಅನುವಾದನು.

"ಮುಂಜಾನೆಯೇ ಎಲ್ಲಿಗಯ್ಯ?"

"ನೈಟ್‌ಕ್ಲಬ್ಬಿಗೆ, ಮಾವ. ಶನಿವಾರ ರಾತ್ರಿ ಮೊದಲಾದುದು ಸೋಮವಾರದವರೆಗೂ ನಡೆಯುವುದುಂಟು. ಪಶ್ಚಿಮ ಬರ್ಲಿನ್ನಿನಲ್ಲಿ ಬಾಗಿಲು ಮುಚ್ಚುವ ವೇಳೆಯನ್ನು 1949ರಲ್ಲಿಯೇ ರದ್ದುಗೊಳಿಸಿದರು."

"ಅಂದರೆ, ಮೋಜು."

"ಸಂಸ್ಕೃತಿ! ಇಲ್ಲಿಯ ಟೆಕ್ನೋ 2024ರಲ್ಲಿ ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಬೆರ್ಗ್‌ಹೈನ್ ಕ್ಲಬ್ಬಿನ ಪ್ರವೇಶಶುಲ್ಕಕ್ಕೆ, ಸಂಗೀತ ಕಚೇರಿಗಳಿಗೆಂತೋ ಅಂತೆಯೇ, ಶೇಕಡಾ 19ರ ಬದಲು 7ರ ತೆರಿಗೆಯೇ ಸಲ್ಲತಕ್ಕದ್ದೆಂದು 2016ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು."

"ತೆರಿಗೆ ಇಳಿದಲ್ಲಿ ಸಂಸ್ಕೃತಿಯಿರುವುದು ನಿಸ್ಸಂಶಯ. ನೀನು ಹೋಗುವುದು ಅಲ್ಲಿಗೋ?"

"ಅಲ್ಲ, ನನ್ನದಕ್ಕೆ ಹೆಸರಿನ ಹಲಗೆಯೂ ಇಲ್ಲ. ಮೊಬೈಲಿನ ಕ್ಯಾಮೆರಾಕ್ಕೆ ಚೀಟಿ ಅಂಟಿಸಿಯೇ ಒಳಕ್ಕೆ ಬಿಡುವರು."

"ಒಳಗೆ ಹೇಗಿರುವುದು?"

ಅಳಿಯನು ಪಾದರಕ್ಷೆಯ ದಾರವನ್ನು ಅನಗತ್ಯವಾಗಿ ಬಿಚ್ಚಿ ಕಟ್ಟಿದನು.

"ನನ್ನ ಅಧ್ಯಯನವು ಸದ್ಯಕ್ಕೆ ಸರತಿಯ ಸಾಲಿಗೆ ಸೀಮಿತವಾಗಿದೆ. ದ್ವಾರಪಾಲಕನು ಮುಖವನ್ನು ನೋಡಿ, ಕಾರಣ ಹೇಳದೆ, ತಲೆಯಲ್ಲಾಡಿಸುವನು."

"ಊರಿನಲ್ಲಿ ಬೆಳಗಿನವರೆಗೆ ನಡೆಯುವ ಬಯಲಾಟಕ್ಕೆ ಕರೆದರೆ ನಿದ್ದೆಗೆಡುವುದೆನ್ನುತ್ತಿದ್ದೆಯಲ್ಲ?"

"ಅಲ್ಲಿ ಯಾರನ್ನಾದರೂ ಬಿಟ್ಟುಕೊಳ್ಳುವರು, ಮಾವ! ಅದರಲ್ಲಿ ಗೌರವವೆಲ್ಲಿ?"

ಮಾವನವರು ಈ ತರ್ಕಕ್ಕೆ ತಲೆದೂಗಿ, ಕುತೂಹಲದಿಂದ ತಾವೂ ಹೊರಟರು. ಎರಡು ಗಂಟೆಗಳ ತರುವಾಯ ದ್ವಾರಪಾಲಕನು ಅಳಿಯನನ್ನು ಎಂದಿನಂತೆ ಪಕ್ಕಕ್ಕೆ ಸರಿಸಿ, ಪಂಚೆಯುಟ್ಟು ಕೊಡೆ ಹಿಡಿದ ವೃದ್ಧರಿಗೆ ಸಗೌರವವಾಗಿ ಬಾಗಿಲು ತೆರೆದನು.