ಅಂಬಾಸಿಡರ್ ಬಳುಕು ನಿವಾರಣಾ ಶಾಸ್ತ್ರ

ಅಂಬಾಸಿಡರ್ ಕಾರಿಗೆ ಹಿಂದುಗಡೆ ಸ್ವೇ ಬಾರ್ ಯಾಕೆ ಬೇಕು ಎಂದು ಕೇಳುವವರು ಇನ್ನೂ ಇದ್ದಾರೆ. ಅಂಥವರ ಜೊತೆ ವಾದ ಸಲ್ಲದು. ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಸಿಬಿಡಬೇಕು. ನಾಲ್ಕನೆಯ ತಿರುವಿಗೆ ಪ್ರಶ್ನೆ ನಿಲ್ಲುತ್ತದೆ. ಏಳನೆಯದಕ್ಕೆ ಕಾರನ್ನೂ ನಿಲ್ಲಿಸಬೇಕಾಗುತ್ತದೆ. ನಿಂಬೆಹಣ್ಣು ಕೈಗೆ ಸಿಗುವಂತಿರಲಿ.

ಬಾರ್ ಬಳಕೆಗೆ ಬರುವ ಮೊದಲು ನಮ್ಮ ಹಿರಿಯರು ತಿರುವಿನಲ್ಲಿ ಕಾರಿನ ಬಳುಕು ತಡೆಯಲು ಕುಟುಂಬವನ್ನೇ ಬಳಸುತ್ತಿದ್ದರು. ಗೇರು ಸ್ಟೀರಿಂಗ್ ಕಂಬದ ಮೇಲಿದ್ದುದರಿಂದ ಮುಂದೆ ಮೂವರು, ಹಿಂದೆ ಸಂಬಂಧ ಎಷ್ಟು ಹತ್ತಿರದ್ದೋ ಅಷ್ಟು ಜನ. ಕಾರು ಎಡಕ್ಕೆ ತಿರುಗಿದರೆ ಇಡೀ ವಂಶ ಬಲಕ್ಕೆ ಒರಗುತ್ತಿತ್ತು. ಭಾರ ಹೊರಮಗ್ಗುಲಿಗೆ ಸೇರಿ ಕಾರು ಇನ್ನಷ್ಟು ವಾಲುತ್ತಿತ್ತು. ಆದ್ದರಿಂದ ದಪ್ಪನೆಯ ದೊಡ್ಡಮ್ಮನನ್ನು ನಟ್ಟನಡುವೆ ಕೂರಿಸಿ ಎರಡೂ ಕಡೆ ಬುಷ್‌ಗಳಂತೆ ಮಕ್ಕಳನ್ನು ಗಿಡಿಯುವ ಪದ್ಧತಿ ಬಂತು. ದೊಡ್ಡಮ್ಮಂದಿರು ಈಗ ರೈಲಿನಲ್ಲಿ ಓಡಾಡುವುದರಿಂದ ಉಕ್ಕನ್ನು ಆಶ್ರಯಿಸದೆ ಗತಿಯಿಲ್ಲ.

ಉಕ್ಕಿನ ಮಾರ್ಗವನ್ನು ತೋರಿಸಿದವರು ಕೆನಡಾದ ಫ್ರೆಡರಿಕ್ಟನ್‌ನ ಸ್ಟೀಫನ್ ಕೋಲ್ಮನ್. 1919ರಲ್ಲಿ ಪೇಟೆಂಟ್ ಪಡೆದರು. ಅವರಿಗೆ ದೊಡ್ಡಮ್ಮ ಇದ್ದರೋ ಇಲ್ಲವೋ ಎಂಬುದು ಶಾಸ್ತ್ರಕ್ಕೆ ಅಪ್ರಸ್ತುತ.

ತತ್ವ ಸರಳ. ತಿರುವಿನಲ್ಲಿ ಹೊರಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಒಳಗಿನದು ಸಡಿಲುತ್ತದೆ, ಕಾರು ವಾಲುತ್ತದೆ. ಎರಡೂ ಬದಿಯನ್ನು ಬೆಸೆಯುವ ಬಾಗಿದ ಉಕ್ಕಿನ ಸರಳು ಆಗ ತಿರುಚಿಕೊಂಡು ಈ ಭಿನ್ನಾಭಿಪ್ರಾಯವನ್ನು ವಿರೋಧಿಸುತ್ತದೆ. ಎರಡೂ ಚಕ್ರ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದರೆ ಬಾರ್ ತನ್ನ ಬುಷ್‌ಗಳೊಳಗೆ ಸುಮ್ಮನೆ ಹೊರಳುತ್ತದೆ, ಕೆಲಸವೇನೂ ಮಾಡುವುದಿಲ್ಲ. ಬೆಂಗಳೂರಿನಲ್ಲಿ ಎರಡು ಚಕ್ರಗಳಿಗೂ ಒಂದೇ ಆಳದ ಗುಂಡಿ ಏಕಕಾಲಕ್ಕೆ ಒದಗುವುದು ಅಪರೂಪವಾದ್ದರಿಂದ ಅದಕ್ಕೆ ನಿರುದ್ಯೋಗದ ಭಯವಿಲ್ಲ. ಒಂದೇ ಚಕ್ರ ಗುಂಡಿಗೆ ಬಿದ್ದರೆ ಬಾರ್ ಆ ಸುದ್ದಿಯನ್ನು ಇನ್ನೊಂದು ಚಕ್ರಕ್ಕೂ ಮುಟ್ಟಿಸುತ್ತದೆ. ಮೊದಲು ಎಡಗಡೆ ಕೂತವರ ಸೊಂಟಕ್ಕೆ ಮಾತ್ರ ಸಿಗುತ್ತಿದ್ದ ಸೌಲಭ್ಯ ಈಗ ಬಲಗಡೆಯವರಿಗೂ ವಿಸ್ತರಣೆಯಾಗುತ್ತದೆ.

ಬಾರ್‌ನ ದಪ್ಪದಲ್ಲಿ ಅಭಿಮಾನ ಕೂಡದು. ಬಿಗುವು ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. 16 ಮಿ.ಮೀ. ಬದಲು 19 ಮಿ.ಮೀ. ಹಾಕಿದರೆ ಹೆಚ್ಚುವುದು ಮೂರು ಮಿಲಿಮೀಟರ್, ಆದರೆ ಬಿಗುವು ಸುಮಾರು ಎರಡರಷ್ಟು. ಮುಂದುಗಡೆ ಎರಕದ ಎಂಜಿನ್ ಹೊತ್ತ ಈ ಕಾರು ತಿರುವಿನಲ್ಲಿ ಸಹಜವಾಗಿ ನೇರಕ್ಕೇ ಹೋಗಬಯಸುತ್ತದೆ. ಹದವಾದ ಬಾರ್ ಆ ಹಟವನ್ನು ತಗ್ಗಿಸುತ್ತದೆ. ಹದ ಮೀರಿದರೆ ಹಿಂದಿನ ಹೊರಚಕ್ರದ ಮೇಲೆ ಭಾರ ಅತಿಯಾಗಿ ಹಿಡಿತ ತಪ್ಪುತ್ತದೆ. ಮೊದಲ ಮಳೆಗೆ ಕಾರಿನ ಹಿಂಭಾಗ ಮುಂಭಾಗವನ್ನು ಓವರ್‌ಟೇಕ್ ಮಾಡಲು ಹೊರಡುತ್ತದೆ. ಮಾಲೀಕರು ಸ್ಟೀರಿಂಗ್ ಯಾವ ಕಡೆ ತಿರುಗಿಸಬೇಕೆಂದು ಯೋಚಿಸುವಷ್ಟರಲ್ಲಿ ಚರ್ಚೆ ಮುಗಿದಿರುತ್ತದೆ.

ಖರೀದಿಗೆ ಬೆಂಗಳೂರಿನ ಜೆ.ಸಿ. ರಸ್ತೆ. ಅಲ್ಲಿ ‘ಅಂಬಾಸಿಡರ್‌ಗೆ ಹಿಂದಿನ ಸ್ವೇ ಬಾರ್’ ಎಂದರೆ ಅಂಗಡಿಯವರು ಮೊದಲು ನಿಮ್ಮನ್ನು, ಆಮೇಲೆ ನಿಮ್ಮ ಜೊತೆ ಬಂದವರನ್ನು ನೋಡುತ್ತಾರೆ. ಧೃತಿಗೆಡಬಾರದು. ಬೇರೆ ಕಾರಿನದನ್ನು ಹೊಂದಿಸಿಕೊಳ್ಳಬಹುದು, ಸ್ಪ್ರಿಂಗ್ ಸ್ಟೀಲಿನಲ್ಲಿ ಹೊಸದಾಗಿ ಮಾಡಿಸಿಕೊಳ್ಳಬಹುದು. ಮನೆ ಕಟ್ಟಿ ಉಳಿದ ಸರಳಿನ ಮೇಲೆ ಕಣ್ಣು ಹಾಕುವ ಪರಿಣತರೂ ಉಂಟು. ಮನೆಯ ಸರಳು ತಿರುಚಿದರೆ ತಿರುಚಿದ ಹಾಗೇ ಉಳಿಯುತ್ತದೆ, ಆಮೇಲೆ ನಿಂತಲ್ಲೂ ಕಾರು ತಿರುವಿನಲ್ಲಿರುವಂತೆಯೇ ಕಾಣುತ್ತದೆ.

ಅಳವಡಿಕೆಗೆ ಜಾಕಿಯೊಂದನ್ನೇ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಬಾರನ್ನು ಹಿಂದಿನ ಆಕ್ಸಲ್‌ಗೆ ಯು-ಬೋಲ್ಟ್‌ನಿಂದ ಕಟ್ಟಿ, ಅದರ ತುದಿಗಳನ್ನು ಲಿಂಕ್ ರಾಡ್ ಮೂಲಕ ಮೇಲಿನ ಬಾಡಿಗೆ ಸೇರಿಸಬೇಕು. ಅಂಬಾಸಿಡರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ತೂತು ಕೊರೆಯುವ ಮುನ್ನ ಅಲ್ಲಿರುವುದು ತಗಡೋ, ತಗಡಿನ ಆಕಾರ ತಾಳಿದ ತುಕ್ಕೋ ಎಂದು ಚುಚ್ಚಿ ನೋಡಿ. ತಗಡಾದರೆ ಬಲಪಟ್ಟಿ ಕೊಟ್ಟು ಮುಂದುವರಿಯಿರಿ. ತುಕ್ಕಾದರೆ ಬಾರ್‌ನ ವಿಷಯ ಮನೆಯಲ್ಲಿ ಎತ್ತಬೇಡಿ, ಮೊದಲು ವೆಲ್ಡಿಂಗ್‌ನ ವಿಷಯ ಎತ್ತಿ. ಪೆಟ್ರೋಲ್ ಟ್ಯಾಂಕ್ ಕೂಡ ಹಿಂದುಗಡೆಯೇ ಇದೆ ಎಂಬುದನ್ನು ಡ್ರಿಲ್ ಹಿಡಿದವರಿಗೆ ಮಾತ್ರವಲ್ಲ, ಬೀಡಿ ಹಿಡಿದವರಿಗೂ ತಿಳಿಸಿ. ರಬ್ಬರ್ ಬುಷ್‌ಗಳನ್ನು ಕೊನೆಯದಾಗಿ ಬಿಗಿಯುವುದು ಕಾರು ನೆಲದ ಮೇಲೆ ತನ್ನ ಭಾರದಲ್ಲಿ ಕೂತ ಮೇಲೆಯೇ. ಚಕ್ರ ಜೋತುಬಿದ್ದಾಗಲೇ ಬಿಗಿದರೆ ಅವು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತವೆ. ರಬ್ಬರಿಗೆ ಮಾಮೂಲಿ ಗ್ರೀಸ್ ಮೆತ್ತಿದರೆ ಉಬ್ಬುತ್ತದೆ. ಮೇಸ್ತ್ರಿ ಮೆತ್ತಿಯೇ ಮೆತ್ತುತ್ತಾರೆ, ಪಕ್ಕದಲ್ಲಿ ನಿಂತಿರಿ.

ಇನ್ನು ಪರೀಕ್ಷೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಿದರೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗೌರವ ಸಿಗುತ್ತದೆ, ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ ಮತ್ತು ಇಂಧನ ತುಂಬಿಸಲು ಓಡಿಸಬಹುದು. ಆದ್ದರಿಂದ ತಿರುವಿನ ಪರೀಕ್ಷೆಯನ್ನು ಪೆಟ್ರೋಲ್ ಬಂಕಿಗೆ ಹೋಗುವ ದಾರಿಯಲ್ಲೇ ಮುಗಿಸಬೇಕು. ತಿರುವುಗಳು ಹೆಚ್ಚಿರುವ ಬಂಕ್ ಆರಿಸಿಕೊಳ್ಳಿ. ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟರೆ ಮೂವತ್ತರ ವೇಗ ಸಾಧ್ಯ. ಆ ವೇಗದಲ್ಲಿ ಬಾರ್ ಇದ್ದ ಕಾರಿಗೂ ಇಲ್ಲದ ಕಾರಿಗೂ ಇರುವ ವ್ಯತ್ಯಾಸವನ್ನು ಖರ್ಚು ಮಾಡಿದವರು ಸ್ಪಷ್ಟವಾಗಿ ಗುರುತಿಸಬಲ್ಲರು.

ಅದೇ ನಿಯಮ ವಿಂಟೇಜ್ ಕಾರಿನ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕೆನ್ನುತ್ತದೆ. ಚಾಸಿಯೂ ಬಾಡಿಯೂ ಒಂದೇ ಆದ ಕಾರಿನಲ್ಲಿ ನೀವು ಕೊರೆದ ತೂತುಗಳು ಎರಡೂ ಲೆಕ್ಕಕ್ಕೆ ಬರುತ್ತವೆ. ರ‍್ಯಾಲಿಯ ತೀರ್ಪುಗಾರರು ಟಾರ್ಚ್ ಹಿಡಿದು ಬಗ್ಗುವ ಪೈಕಿ. ಆದ್ದರಿಂದ ಹಿಂದಿನ ದಿನ ಬಾರ್ ಬಿಚ್ಚಿಟ್ಟು ತೂತುಗಳಿಗೆ ರಬ್ಬರ್ ಬಿರಡೆ ಹಾಕಿ, ಮೇಲೆ ಒಂದಿಷ್ಟು ಹಳೆಯ ಕೆಸರು ಸವರಿ. ಬಿಚ್ಚುವ ಕ್ರಮಕ್ಕೆ ಅಳವಡಿಕೆಯ ಪ್ಯಾರಾವನ್ನು ಕೊನೆಯಿಂದ ಓದಿಕೊಂಡು ಬನ್ನಿ. ಬೀಡಿಯ ವಿಷಯ ಮಾತ್ರ ಮೊದಲೇ ಹೇಳಿಬಿಡಿ.