ಹುಣಸೇಹಣ್ಣೂ ಆನೆಕಾಸೂ

ಬೇಲಿ ಆಚೆ ಪರಪರ ಉಜ್ಜೋ ಸದ್ದು. ಇಣುಕಿದರೆ, ಪಕ್ಕದ ಮನೆಯಾಕೆ ಹುಣಸೇಹಣ್ಣು, ಬೂದಿ ಮುಂದಿಟ್ಟುಕೊಂಡು ಕೂತಿದ್ದಾರೆ.

“ಏನದು?”

“ನಮ್ಮತ್ತೆ ಕುಂಕುಮದ ಭರಣೀಲಿ ಸಿಕ್ತು ಕಣ್ರೀ, ಆನೆಕಾಸು. ಪಳಪಳ ಅನ್ನಿಸ್ಬುಟ್ಟು ಮಾರ್ಬುಡವ ಅಂತ. ಮೊಬೈಲ್‌ನಲ್ಲಿ ಲಕ್ಷಗಟ್ಲೆ ಕೊಡ್ತೀವಿ ಅಂತಾರಲ್ಲ!”

ಒಲೆ ಮೇಲಿನ ಹಾಲು ಮರೆತು ಓಡಿದೆ. ನಾಗಮಂಗಲದ ಹಿತ್ತಾಳೆ ಬಿಂದಿಗೆಗೆ ಹುಣಸೇಹಣ್ಣು ಹಾಕಿದಷ್ಟೂ ಕಳೆ. ಹಳೇ ಕಾಸಿಗೆ ಮಾತ್ರ ಅದು ಚರ್ಮ ಸುಲಿದ ಹಾಗೆ. ಇನ್ನೂರು ವರ್ಷ ಕೂತು ಕಟ್ಟಿದ ಕಂದು ಪೊರೆ ಹೋದರೆ ಬೆಲೆಯೂ ಹೋಯಿತು.

ಕೈಗೆ ತಗೊಂಡೆ, ಅಂಚು ಹಿಡಿದು. ಬೆರಳಿನ ಬೆವರೂ ತಾಮ್ರಕ್ಕೆ ಆಗದು. ಒಂದು ಮಗ್ಗುಲಲ್ಲಿ ಆನೆ. ಅದರ ಸೊಂಡಿಲು ಆಗಲೇ ಬೆತ್ತಲೆ ಕೆಂಪು, ಬಾಲ ಇನ್ನೂ ಕಾಫಿ ಬಣ್ಣ. ಇನ್ನೊಂದು ಮಗ್ಗುಲಲ್ಲಿ ಪಾರ್ಸಿ ಬರಹ. ಶ್ರೀರಂಗಪಟ್ಟಣಕ್ಕೆ ನಾವು ಇವತ್ತಿಗೂ ಬರೀ ‘ಪಟ್ಟಣ’ ಅಂತೀವಲ್ಲ, ಟಿಪ್ಪುವಿನ ಟಂಕಸಾಲೆಯೂ ಕಾಸಿನ ಮೇಲೆ ‘ಪಟನ್’ ಅಂತಲೇ ಒತ್ತಿತು! 1787ರ ಸುಮಾರಿಗೆ ಆತ ಹಿಜರಿ ಬಿಟ್ಟು ಮೌಲೂದಿ ಶಕ ತಂದ. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಇದು ತಿಳಿಯದವರು ಇಸವಿಯನ್ನು ತಿರುಗುಮುರುಗು ಓದಿ ಕೂರುತ್ತಾರೆ.

“ಅದೆಲ್ಲ ಇರ್ಲಿ, ಎಷ್ಟಕ್ಕೆ ಹೋಗ್ತದೆ?”

ಸವೆದ ತಾಮ್ರದ ಕಾಸು, ಕೆಲವು ನೂರು ರೂಪಾಯಿ ಕಂಡರೆ ಪುಣ್ಯ ಅಂದೆ. ಬೆಲೆ ಕಟ್ಟುವುದು ವಯಸ್ಸಿಗಲ್ಲ, ಅಪರೂಪಕ್ಕೆ, ಅಚ್ಚಿನ ಸ್ಪಷ್ಟತೆಗೆ. ಲಕ್ಷ ಕೊಡ್ತೀವಿ ಅನ್ನೋರು ಮೊದಲು ‘ಕಮಿಷನ್ ಕಳಿಸಿ’ ಅಂತಾರೆ. ರಿಸರ್ವ್ ಬ್ಯಾಂಕ್ ತನ್ನ ಹೆಸರಲ್ಲಿ ಇಂಥ ಮೋಸ ನಡೀತಿದೆ ಅಂತ 2021ರಲ್ಲೇ ಎಚ್ಚರಿಸಿತ್ತು. ನಮ್ಮ ಕೆ.ಆರ್. ಪೇಟೆ ನೆಂಟರೊಬ್ಬರು ಮಾತ್ರ ಎಚ್ಚರಾಗಲಿಲ್ಲ. ಎರಡು ಸಾವಿರ ಕಳಿಸಿ, ಕಾಸು ಇನ್ನೂ ಮನೇಲೇ ಇಟ್ಕೊಂಡಿದ್ದಾರೆ.

“ಪ್ಲಾಸ್ಟಿಕ್ ಕವರ್‌ಗಾದ್ರೂ ಹಾಕ್ಲಾ?”

ಅಯ್ಯೋ, ಆ ಮೆತ್ತನೆ ಪಿವಿಸಿ ಕವರ್ ದಿನ ಕಳೆದಂತೆ ಹಸಿರು ಅಂಟು ಬಿಡುತ್ತೆ. ತೇವ ತಾಗದ ಹಾಗೆ ಕಾಗದದ ಲಕೋಟೆಯಲ್ಲಿಡಿ ಸಾಕು. ಆಮೇಲೆ ಇನ್ನೊಂದು ಮಾತು: ಗದ್ದೆ ಉಳುವಾಗ ಗಡಿಗೆ ಸಿಕ್ಕರೆ ಅದು ಮನೆ ಕಾಸಲ್ಲ, ನಿಧಿ. ನೇರ ಸರ್ಕಾರಕ್ಕೆ ತಿಳಿಸಬೇಕು.

“ನಮ್ ಗದ್ದೇಲಿ ಕಳೆ ಬಿಟ್ರೆ ಇನ್ನೇನೂ ಸಿಗಾಕಿಲ್ಲ ಬುಡಿ” ಅಂದರು.

ಆನೆಕಾಸು ಲಕೋಟೆ ಸೇರಿತು, ಸೊಂಡಿಲು ಕೆಂಪು, ಬಾಲ ಕಂದು. ಹುಣಸೇಹಣ್ಣು ರಾತ್ರಿಯ ಸಾರಿಗಾಯಿತು. ನನ್ನ ಹಾಲು ಮಾತ್ರ ಪೂರ್ತಿ ಉಕ್ಕಿಹೋಗಿತ್ತು.