ಶ್ರೀಯುತ ನಕಲಿ ಇಮೇಲ್ ಅವರಿಗೊಂದು ಬಿನ್ನವತ್ತಳೆ

ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಅಂಗಡಿ ಬಾಗಿಲೆಳೆದು ಬಂದಿರುವ ವರ್ತಕ ಬಂಧುಗಳೇ, ಊಟ ಇದೆಯೆಂದು ತಿಳಿದು ಬಂದಿರುವ ಮಿಕ್ಕೆಲ್ಲರೇ,

ನಮ್ಮ ಸಂಘ ಇಂದು ಸನ್ಮಾನಿಸುತ್ತಿರುವ ಮಹನೀಯರು ತಮ್ಮ ಪರಿಚಯ ತಾವೇ ಹೇಳಿಕೊಂಡವರಲ್ಲ. ಎಲ್ಲಿಗೆ ಹೋದರೂ ಬೇರೆಯವರ ಹೆಸರಿನಲ್ಲೇ ಹೋಗುತ್ತಾರೆ. ಶ್ರೀಯುತ ನಕಲಿ ಇಮೇಲ್ ಅವರೇ, ಮೈಸೂರು ಪೇಟ ತೊಡಿಸೋಣವೆಂದರೆ ನಿಮಗೆ ತಲೆಯಿಲ್ಲ. ಶಾಲು ಹೊದಿಸೋಣವೆಂದರೆ ಈಗಾಗಲೇ ಯಾರದೋ ಶಾಲು ಹೊದ್ದುಕೊಂಡಿದ್ದೀರಿ. ಆದ್ದರಿಂದ ಈ ಬಿನ್ನವತ್ತಳೆಯನ್ನಾದರೂ ಸ್ವೀಕರಿಸಬೇಕು.

ನಿಮ್ಮ ಕೀರ್ತಿ ಸಮುದ್ರ ದಾಟಿದ್ದು. ಲಿಥುವೇನಿಯಾದಲ್ಲಿ ಎವಾಲ್ಡಸ್ ರಿಮಸೌಸ್ಕಸ್ ಎಂಬ ನಿಮ್ಮ ಪರಮಭಕ್ತನೊಬ್ಬನಿದ್ದ. ಗೂಗಲ್, ಫೇಸ್‌ಬುಕ್ ಎರಡಕ್ಕೂ ತೈವಾನಿನ ಕ್ವಾಂಟಾ ಕಂಪನಿಯೊಂದಿಗೆ ವ್ಯವಹಾರವಿತ್ತು. ಈ ಪುಣ್ಯಾತ್ಮ ಲಾಟ್ವಿಯಾದಲ್ಲಿ ಅದೇ ಹೆಸರಿನ ಕಂಪನಿ ನೋಂದಾಯಿಸಿ, ಅದೇ ಹೆಸರಲ್ಲಿ ಖಾತೆ ತೆರೆದು, 2013ರಿಂದ 2015ರವರೆಗೆ ನಿಮ್ಮ ಕೈಯಲ್ಲಿ ಬಿಲ್ಲು ಕೊಟ್ಟು ಕಳಿಸಿದ. ಬೀಗ ಒಡೆಯಲಿಲ್ಲ, ಕನ್ನ ಕೊರೆಯಲಿಲ್ಲ. ಬಿಲ್ಲು ಬಂತು, ದುಡ್ಡು ಹೋಯಿತು, 12 ಕೋಟಿ ಡಾಲರಿಗೂ ಹೆಚ್ಚು! 2019ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ 5 ವರ್ಷ ಸೆರೆ ವಿಧಿಸಿತು. ನೀವು ಮಾತ್ರ ಹೊರಗೇ ಉಳಿದಿರಿ. ಇಂಟರ್‌ನೆಟ್ಟಿನ ಯಜಮಾನರೇ ಜಾರಿಬಿದ್ದ ಮೇಲೆ ನಮ್ಮ ಚಿಕ್ಕಪೇಟೆಯ ಗುಮಾಸ್ತರನ್ನು ಬೈಯುವ ಬಾಯಿ ನನಗಿಲ್ಲ.

ನಿಮ್ಮ ವಿದ್ಯಾಭ್ಯಾಸದ ಬಗ್ಗೆಯೂ ಎರಡು ಮಾತು. ಒಂದು ಕಾಲದಲ್ಲಿ ನಿಮ್ಮ ಕಾಗುಣಿತ ನೋಡಿ ನಾವು ನಗುತ್ತಿದ್ದೆವು. ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ರಾಶಿ ಹಣದ ಆಸೆ ತೋರಿಸುವ ನಿಮ್ಮ ಹಿರಿಯಣ್ಣಂದಿರ ಬಗ್ಗೆ ಬರೆದಿದ್ದರು: ನಂಬಲಾಗದ ಕಥೆ ಹೇಳುವುದರಲ್ಲೂ ಲೆಕ್ಕಾಚಾರವಿದೆ, ನಗುವವರು ನಕ್ಕು ಹೋಗಲಿ, ಉಳಿದವರೇ ಗಿರಾಕಿಗಳು. ಈಗ ನಿಮಗೆ ಎಐ ಮೇಷ್ಟ್ರು ಸಿಕ್ಕಿದ್ದಾರೆ. ನಿಮ್ಮ ವ್ಯಾಕರಣ ನಮ್ಮ ಕಾರ್ಯದರ್ಶಿಗಳ ನಡಾವಳಿಗಿಂತ ಚೆನ್ನಾಗಿದೆ.

ಇನ್ನು ವೇಷಭೂಷಣ. ‘ಆರ್’ ಪಕ್ಕ ‘ಎನ್’ ಅಂಟಿಸಿ ‘ಎಂ’ ಎಂದು ತೋರಿಸುವ ನಿಮ್ಮ ಕಸಬು ಯಾವ ಬಯಲಾಟದವರಿಗೂ ಬರುವುದಿಲ್ಲ. ಮೇಲೆ ಬ್ಯಾಂಕಿನ ಹೆಸರು, ಕೆಳಗೆ ಬ್ಯಾಂಕಿನ ಲಾಂಛನ, ವಿಳಾಸದ ಶುರುವಿನಲ್ಲೂ ಬ್ಯಾಂಕೇ. ಆದರೆ ನಮ್ಮಜ್ಜಿ ಮನೆಗೆ ಬಂದವರನ್ನು ಮೊದಲು ಕೇಳುತ್ತಿದ್ದದ್ದು “ಯಾರ ಪೈಕಿನಪ್ಪಾ?” ಅಂತ. ನಿಮ್ಮ ಪೈಕಿ ಗೊತ್ತಾಗುವುದು ಬಾಲದಲ್ಲಿ. ಇಮೇಲಿನ ‘ಅಟ್’ ಗುರುತಾದ ಮೇಲೆ ಬರುವುದರ ಕೊನೆ, ಲಿಂಕಿನಲ್ಲಾದರೆ ಮೊದಲ ಒಂಟಿ ಓರೆಗೀಟಿಗೆ (/) ಮುಂಚೆ ‘ಡಾಟ್ ಕಾಮ್’ನಂಥ ಬಾಲಕ್ಕೆ ಅಂಟಿಕೊಂಡಿರುವ ಹೆಸರು, ಅದೇ ನಿಮ್ಮ ಮನೆತನ. ಅದಕ್ಕೂ ಹಿಂದೆ ಏನು ಬರೆದಿದ್ದರೂ ಬರೀ ಬಿರುದಾವಳಿ. ರಿಸರ್ವ್ ಬ್ಯಾಂಕ್ ನಿಮ್ಮ ಮೇಲೆ ಹಗೆ ಸಾಧಿಸಿ, ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಮನೆತನಕ್ಕೆ ಸೇರಬೇಕೆಂದು ಆಜ್ಞೆ ಹೊರಡಿಸಿತು. ಸಂತಾಪಗಳು.

ಆದರೆ ನಿಮ್ಮ ನಿಜವಾದ ಪ್ರತಿಭೆಯನ್ನು ನಾನು ಕಂಡದ್ದು ನನ್ನ ಸೀರೆ ಅಂಗಡಿಯಲ್ಲೇ. ಸೂರತ್ತಿನ ಸರಕಿನವರಿಂದ ಒಂದು ಮೇಲ್. ವಿಳಾಸ ಅವರದ್ದೇ, ಬಿಲ್ ನಂಬರು ಸರಿ, ಹಿಂದಿನ ವಾರದ ಮಾತುಕತೆಯೂ ಕೆಳಗೇ ಇತ್ತು. “ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಸಲ ಹೊಸ ಖಾತೆಗೆ ಹಾಕಿ” ಎಂಬ ಒಂದು ಸಾಲು ಮಾತ್ರ ಹೊಸದು. ಅವರ ಮೇಲ್‌ಬಾಕ್ಸಿನ ಪಾಸ್‌ವರ್ಡ್ ಕದ್ದು ನೀವು ವಾರಗಟ್ಟಲೆ ಒಳಗೇ ಕೂತಿದ್ದಿರಂತೆ! ಅಜ್ಜಿಯ ಪ್ರಶ್ನೆಯೂ ನಡೆಯದ ಜಾಗ. ಹಾಕಿಬಿಡುತ್ತಿದ್ದೆ. ನಮ್ಮ ಮುದಿ ರೈಟರು ಬಿಡಲಿಲ್ಲ. “ಸಾವ್ಕಾರ್ರೇ, ದುಡ್ಡು ಹೋಗೋ ದಾರಿ ಬದ್ಲಾದ್ರೆ ಬಾಯಲ್ಲಿ ಕೇಳ್ಬೇಕು” ಎಂದು, ಮೇಲಿನಲ್ಲಿದ್ದ ನಂಬರು ಬಿಟ್ಟು, ಹಳೇ ಡೈರಿ ತೆಗೆದು ಅಲ್ಲಿದ್ದ ನಂಬರಿಗೆ ಫೋನ್ ಹಚ್ಚಿದರು. ಆ ಕಡೆಯವರು ಗಾಬರಿ. ನನಗೆ ಆಗ ಹೊಳೆಯಿತು: ನೀವು ಬದುಕಿರುವುದು ನಮ್ಮ ದಾಕ್ಷಿಣ್ಯದ ಮೇಲೆ. ದೊಡ್ಡವರನ್ನು ಎರಡನೇ ಸಲ ಕೇಳಿದರೆ ಏನಂದುಕೊಂಡಾರೋ ಎಂಬ ಅಳುಕೇ ನಿಮ್ಮ ಬಂಡವಾಳ.

ಪಕ್ಕದ ಅಂಗಡಿಯವರಿಗೆ ಅಂಥ ರೈಟರಿರಲಿಲ್ಲ. ಹಣ ಹೋದದ್ದನ್ನು ಅವರು ನಾಚಿಕೆಯಿಂದ ನಾಲ್ಕು ದಿನ ಮುಚ್ಚಿಟ್ಟರು. ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆಯಾದರೂ ಇತ್ತು. ಆ ನಾಲ್ಕು ದಿನಗಳ ಉಪಕಾರಕ್ಕೆ ನೀವು ಅವರಿಗೆ ಒಂದು ತೆಂಗಿನಕಾಯಿಯನ್ನಾದರೂ ಕಳಿಸಬೇಕಿತ್ತು.

ಕೊನೆಯದಾಗಿ, ಗೌರವಧನದ ವಿಷಯ. ಈಗಷ್ಟೇ ಖಜಾಂಚಿಗಳು ನನ್ನ ಕೈಗೆ ಫೋನ್ ಕೊಟ್ಟಿದ್ದಾರೆ. ಅಧ್ಯಕ್ಷರಿಂದ ಮೇಲ್ ಬಂದಿದೆಯಂತೆ: “ಅತಿಥಿಗಳಿಗೆ 25,000 ರೂಪಾಯಿ ಈ ಖಾತೆಗೆ ತಕ್ಷಣ ಹಾಕಿ. ನಾನು ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ.” ಮೀಟಿಂಗಿನಲ್ಲಿರುವುದೇನೋ ನಿಜ. ಅಧ್ಯಕ್ಷರು ಇಲ್ಲೇ ನನ್ನ ಬಲಗಡೆ ಕೂತು, ಸ್ವಾಗತ ಭಾಷಣದಿಂದಲೂ ಗೊರಕೆ ಹೊಡೆಯುತ್ತಿದ್ದಾರೆ. ಖಜಾಂಚಿಗಳೇ, ಸ್ವಲ್ಪ ಅವರ ಭುಜ ಅಲ್ಲಾಡಿಸಿ ಕೇಳಿ.